ಭಾವ ನೋಡದ ಜಲಪಾತ

ನನ್ನ ಭಾವ, ಅಂದರೆ ಅಕ್ಕನ ಗಂಡ, ಇಪ್ಪತ್ತೇಳು ವರ್ಷ ಜನರಿಗೆ ಜಲಪಾತದ ದಾರಿ ಹೇಳುವ ಕೆಲಸ ಮಾಡಿದರು. ನಮ್ಮೂರ ಬಸ್ ನಿಲ್ದಾಣದ ಮೂಲೆಯಲ್ಲಿ, ಸಾಮಾನು ಇಡುವ ಕೋಣೆಗೂ ಗಂಡಸರ ಶೌಚಾಲಯಕ್ಕೂ ನಡುವೆ, ಪ್ರವಾಸಿ ಮಾಹಿತಿ ಕೇಂದ್ರ ಎಂಬ ಬೋರ್ಡು ಹೊತ್ತ ಒಂದು ಗಾಜಿನ ಕಿಂಡಿ ಇದೆ. ಗಾಜಿನಲ್ಲಿ ಅರ್ಧ ಚಂದ್ರನ ಆಕಾರದ ತೂತು. ತೂತಿನ ಈಚೆ ಬೆನ್ನಿಗೆ ಚೀಲ ಹೊತ್ತ ಜನ, ಆಚೆ ತಿರುಗುವ ಕುರ್ಚಿಯಲ್ಲಿ ನನ್ನ ಭಾವ. ಬಂದವರೆಲ್ಲ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. ಶೌಚಾಲಯ ಎಲ್ಲಿ? ಜಲಪಾತಕ್ಕೆ ಹೇಗೆ ಹೋಗುವುದು? ಮೊದಲನೆಯದಕ್ಕೆ ಭಾವ ತಲೆ ಎತ್ತದೆ ಬೆರಳು ತೋರಿಸುತ್ತಿದ್ದರು. ಎರಡನೆಯದಕ್ಕೆ ಕುರ್ಚಿ ಮುಂದೆ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು ಸಜ್ಜಾಗುತ್ತಿದ್ದರು.

"ಏಳೂಕಾಲಿನ ಬಸ್ ಹಿಡೀರಿ. ಕಾಡಿನ ಗೇಟ್ ಹತ್ರ ಇಳೀರಿ. ಅಲ್ಲಿಂದ ಎರಡು ಗಂಟೆ ನಡಿಗೆ. ಮೊದಲ ಅರ್ಧ ಗಂಟೆ ನೆರಳಿರುತ್ತೆ, ಆಮೇಲೆ ಬರೀ ಹುಲ್ಲು, ಟೋಪಿ ಹಾಕ್ಕೊಳ್ಳಿ. ಮುಂದೆ ಒಂದು ಪೊಟರೆ ಮರ ಸಿಗುತ್ತೆ, ಅಲ್ಲಿ ದಾರಿ ಎರಡಾಗುತ್ತೆ. ಬಲಕ್ಕೆ ತಿರುಗಿ. ಎಡಕ್ಕೆ ಹೋದ್ರೆ ನಾನು ಜವಾಬ್ದಾರನಲ್ಲ. ಕೊನೇ ಇಳಿಜಾರಲ್ಲಿ ಹಸಿರು ಕಲ್ಲಿನ ಮೇಲೆ ಕಾಲಿಡಬೇಡಿ, ಜಾರುತ್ತೆ. ಕಂದು ಕಲ್ಲು ನಂಬಿ. ನೀರು ಕಾಣೋಕೆ ಮೊದಲು ಗಾಳಿ ತಣ್ಣಗಾಗುತ್ತೆ, ಅಲ್ಲಿಗೆ ಬಂದ್ರಿ ಅಂತ ಲೆಕ್ಕ."

ಇದನ್ನು ಹೇಳುವಾಗ ಅವರ ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಕೇಳಿದವರಿಗೆ ಅಲ್ಲೇ ಚಳಿ ಹತ್ತುತ್ತಿತ್ತು. ಹೇಳಿ ಮುಗಿದ ಮೇಲೆ ಒಂದು ನಕ್ಷೆ. ಅದೂ ಭಾವ ಕೈಯಾರೆ ಬರೆದದ್ದು, ಒಂದೇ ಹಾಳೆ, ಅಂಚಿನ ತುಂಬ ಅವರ ಉರುಟು ಅಕ್ಷರದ ಸೂಚನೆಗಳು. ಕೆಲಸಕ್ಕೆ ಸೇರಿದ ವರ್ಷ ಬರೆದದ್ದನ್ನೇ ಜೆರಾಕ್ಸ್ ಮಾಡಿಸಿ ಮಾಡಿಸಿ ಹಂಚಿದರು. ಇಷ್ಟೆಲ್ಲ ಹೇಳುತ್ತಿದ್ದ ಆ ಮಹಾನುಭಾವರು ಜಲಪಾತವನ್ನು ಒಂದು ಸಲವೂ ಕಣ್ಣಾರೆ ಕಂಡಿರಲಿಲ್ಲ. ಅದು ನಮಗ್ಯಾರಿಗೂ ಗೊತ್ತಿರಲಿಲ್ಲ, ಅವರನ್ನು ಕಟ್ಟಿಕೊಂಡ ನನ್ನ ಅಕ್ಕನಿಗೂ.

ಅಕ್ಕನ ವಿಷಯ ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರವರ ಬಟ್ಟೆ ಬಿಗಿ ಮಾಡುತ್ತಾಳೆ, ಸಡಿಲ ಮಾಡುತ್ತಾಳೆ. ಬಾಯಲ್ಲಿ ಸದಾ ನಾಲ್ಕು ಗುಂಡುಸೂಜಿ. ಮದುವೆಯಾಗಿ ಹತ್ತು ವರ್ಷ ತುಂಬಿದಾಗ ಅವಳು ಗಂಡನನ್ನು ಕೇಳಿದ್ದು ಒಂದೇ ಒಂದು. "ನನ್ನನ್ನೂ ಒಂದು ಸಲ ಜಲಪಾತಕ್ಕೆ ಕರ್ಕೊಂಡು ಹೋಗ್ರೀ." ಭಾವ ಪತ್ರಿಕೆಯಿಂದ ಮುಖ ತೆಗೆಯದೆ, "ಅಲ್ಲೇನಿದೆ? ನಿನಗೆ ಆ ದಾರಿ ಆಗಲ್ಲ" ಎಂದರು. "ಊರಿಗೆಲ್ಲ ದಾರಿ ತೋರಿಸ್ತೀರಿ. ನೀವು ಮಾತ್ರ ಬೇಕಾದಷ್ಟು ಸಲ ನೋಡ್ಕೊಂಡು ಬರ್ತೀರಿ. ನನ್ನೊಬ್ಬಳನ್ನ ಕರ್ಕೊಂಡು ಹೋಗೋಕೆ ಮಾತ್ರ ಆಗಲ್ಲ ಅಲ್ವಾ?" ಎಂದಳು ಅಕ್ಕ. ಅವತ್ತಿನಿಂದ ಆ ಮನೆಯಲ್ಲಿ ಜಲಪಾತದ ಮಾತಿಲ್ಲ. ಟಿವಿಯಲ್ಲಿ ಎಲ್ಲಾದರೂ ಎತ್ತರದಿಂದ ನೀರು ಬಿದ್ದರೆ ಅಕ್ಕ ಚಾನೆಲ್ ಬದಲಾಯಿಸುತ್ತಿದ್ದಳು, ಭಾವ ನೀರು ಕುಡಿಯಲು ಅಡುಗೆಮನೆಗೆ ಹೋಗುತ್ತಿದ್ದರು.

ಅದರ ಮುಂದಿನ ತಿಂಗಳು ಅಕ್ಕ ನನ್ನ ಅಂಗಡಿಗೆ ಬಂದಳು. ನನ್ನದು ಚಪ್ಪಲಿ ಅಂಗಡಿ. ಐದು ನಂಬರಿನ ಕ್ಯಾನ್ವಾಸ್ ಶೂ ಬೇಕು ಎಂದಳು, ಹಾಕಿಕೊಂಡು ಹೋದಳು. ಸಂಜೆ ಬಂದಾಗ ಅದರ ತುಂಬ ಕೆಂಪು ಮಣ್ಣು, ಸೀರೆ ಮಂಡಿಯವರೆಗೆ ಒದ್ದೆ. "ನೋಡ್ಕೊಂಡು ಬಂದೆ ಕಣೋ, ಒಬ್ಬಳೇ" ಎಂದಳು. "ನಿಮ್ಮ ಭಾವನಿಗೆ ಏನಾದ್ರೂ ಗೊತ್ತಾಯ್ತೋ, ಆಮೇಲೆ ನಿನ್ನ ಮುಖ ನೋಡಲ್ಲ." ಶೂ ನನ್ನ ಅಂಗಡಿಯಲ್ಲೇ ಬಿಟ್ಟು, ಬರಿಗಾಲಲ್ಲಿ ಹೊರಟವಳಿಗೆ ನಾನೊಂದು ಜೊತೆ ಹವಾಯಿ ಚಪ್ಪಲಿ ಕೊಟ್ಟು ಕಳಿಸಿದೆ. ಹದಿನೇಳು ವರ್ಷದಿಂದ ಆ ಗುಟ್ಟು ನನ್ನ ಹೊಟ್ಟೆಯಲ್ಲಿ ಕೂತಿದೆ. ಎರಡು ಸಲ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದೆ, ಡಾಕ್ಟರಿಗೆ ಏನೂ ಕಾಣಲಿಲ್ಲ.

ಈಗ ನಿವೃತ್ತಿಗೆ ಬರೋಣ. ಮಾಹಿತಿ ಕೇಂದ್ರದಲ್ಲಿ ಮ್ಯಾನೇಜರ್ ಮೇಡಂ ಸೇರಿ ಆರು ಜನ. ಬೀಳ್ಕೊಡುಗೆಗೆ ಏನು ಮಾಡುವುದು ಎಂದು ಮೀಟಿಂಗ್ ಕರೆದ ಮೇಡಂ, ಭಾಷಣ ಬೇಡ, ಹಾರ ಬೇಡ, ತಿಂಗಳ ಕೊನೆಯ ಭಾನುವಾರ ಕಿಂಡಿ ಮುಚ್ಚಿ ಎಲ್ಲರೂ ಜಲಪಾತಕ್ಕೆ ನಡೆದು ಹೋಗೋಣ, ಮುಂದಾಳು ಇವರೇ, ಎಂದು ಘೋಷಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಭಾವನೂ ತಟ್ಟಿದರು, ಎಲ್ಲರಿಗಿಂತ ಕೊನೆಗೆ. ಆ ಕಚೇರಿಯಲ್ಲಿ ಉಳಿದ ಐವರೂ ಜಲಪಾತ ನೋಡಿರಲಿಲ್ಲ. ಅದರಲ್ಲಿ ಅವಮಾನವೇನೂ ಇಲ್ಲ, ಅವರ್ಯಾರೂ ನೋಡಿದ್ದೇವೆ ಎಂದು ಹೇಳಿಕೊಂಡಿರಲಿಲ್ಲ.

ತಪ್ಪಿಸಿಕೊಳ್ಳಲು ಭಾವ ತಮಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದರು. ಪ್ರವಾಸದ ಯೋಜನೆ ಬರೆಯಲು ಕೂತರು. ಓದಿದವರು ಹೆದರಿ ಹಿಂದೆ ಸರಿಯುವಂತೆ ಬರೆಯಬೇಕು ಎಂಬುದು ಅವರ ಲೆಕ್ಕಾಚಾರ. ನಾಲ್ಕು ಪುಟದ ಯೋಜನೆ ತಯಾರಾಯಿತು. ಬೆಳಿಗ್ಗೆ ಆರೂಮುಕ್ಕಾಲಿಗೆ ಹಾಜರಿ. ಮಂಡಿ ನೋವಿರುವವರು ವೈದ್ಯರ ಚೀಟಿ ತರತಕ್ಕದ್ದು. ಬ್ರೆಡ್ಡು ಮತ್ತು ಬೇಯಿಸಿದ ಮೊಟ್ಟೆ ಟೈಪಿಸ್ಟ್ ಜವಾಬ್ದಾರಿ, ಹಗ್ಗ ಡ್ರೈವರ್ ಜವಾಬ್ದಾರಿ, ಸೀಟಿ ಲೆಕ್ಕಪತ್ರದವರ ಜವಾಬ್ದಾರಿ. ಒಂದು ಸೀಟಿ ಊದಿದರೆ ನಿಲ್ಲಿ, ಎರಡು ಊದಿದರೆ ನಡೆಯಿರಿ, ಮೂರು ಊದಿದರೆ ಯಾರೋ ಬಿದ್ದಿದ್ದಾರೆ. ಮೂರನೇ ಪುಟ ಪೂರ್ತಿ ಜಿಗಣೆಗಳಿಗೆ ಮೀಸಲು. ಅವು ಎಲ್ಲೆಲ್ಲಿ ಹತ್ತುತ್ತವೆ, ಹತ್ತಿದ್ದು ಎಷ್ಟು ಹೊತ್ತಿಗೆ ತಿಳಿಯುತ್ತದೆ, ಇಲ್ಲಿ ಬರೆಯಲಾಗದ ಒಂದೆರಡು ಜಾಗಗಳ ಸಹಿತ.

ಯಾರೂ ಹೆದರಲಿಲ್ಲ. ಟೈಪಿಸ್ಟ್ ಅದನ್ನು ಅಂದವಾಗಿ ಟೈಪ್ ಮಾಡಿ ಎಲ್ಲರಿಗೂ ಹಂಚಿದಳು. ಲೆಕ್ಕಪತ್ರದವರು ಅವತ್ತೇ ಸಂಜೆ ಸೀಟಿ ಕೊಂಡು ಕಚೇರಿಯಲ್ಲೇ ಊದಿ ನೋಡಿದರು. "ಇಷ್ಟು ಅನುಭವ ಇರೋರು ನಮ್ಮನ್ನ ಬಿಟ್ಟು ಹೋಗ್ತಿದ್ದಾರಲ್ಲ" ಎಂದು ಮೇಡಂ ಕಣ್ಣೊರೆಸಿಕೊಂಡರು. ಹೋಗುವಾಗ ಇನ್ನೊಂದು ಮಾತು ಸೇರಿಸಿದರು. "ಮನೆಯವರನ್ನೂ ಕರ್ಕೊಂಡು ಬನ್ನಿ ಸಾರ್."

ಭಾವ ಮನೆಗೆ ಬಂದು ಆಹ್ವಾನ ತಿಳಿಸಿದರು. ಅಕ್ಕ ಯಂತ್ರ ನಿಲ್ಲಿಸಲಿಲ್ಲ. "ಕೇಳಿದಾಗ ಕರ್ಕೊಂಡು ಹೋಗಲಿಲ್ಲ, ಈಗ ಆಫೀಸಿನವರು ಹೇಳಿದ್ರು ಅಂತ ಬರ್ಬೇಕಾ? ಅಷ್ಟು ಸಲ ನೋಡಿದವರು ನೀವು. ಇನ್ನೊಂದು ಸಲ ನೋಡ್ಕೊಂಡು ಬನ್ನಿ."

ಮಂಗಳವಾರ ಭಾವ ನನ್ನ ಅಂಗಡಿಗೆ ಬಂದರು. ಮಂಗಳವಾರ ಅವರ ವಾರದ ರಜೆ. ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ಇಳಿಸಿ ಕೇಳಿದರು. "ನೋಡೋಕೆ ಹಳೇದಾಗಿರೋ ಹೊಸ ಶೂ ಇದೆಯಾ?"

ಇಪ್ಪತ್ತೆರಡು ವರ್ಷದ ವ್ಯಾಪಾರದಲ್ಲಿ ಇಂಥದ್ದು ಯಾರೂ ಕೇಳಿರಲಿಲ್ಲ. "ಅಂದ್ರೆ?" ಎಂದೆ.

"ಬಹಳ ನಡೆದ ಹಾಗೆ ಕಾಣ್ಬೇಕು. ಕಾಲಿಗೆ ಮಾತ್ರ ಕಚ್ಚಬಾರದು."

ನಾನು ಸ್ಟೂಲು ಎಳೆದು ಕೂರಿಸಿ ಅವರ ಕಾಲಲ್ಲಿದ್ದ ಬೂಟು ಕಳಚಿ ತಿರುಗಿಸಿದೆ. ಅಡಿ ನೋಡಿದರೆ ಮನುಷ್ಯ ಎಲ್ಲೆಲ್ಲಿ ಓಡಾಡುತ್ತಾನೆಂದು ನಾನು ಹೇಳಬಲ್ಲೆ. ಪೋಸ್ಟ್‌ಮ್ಯಾನ್ ಹಿಮ್ಮಡಿ ಸವೆಸುತ್ತಾನೆ, ಬೆಟ್ಟ ಹತ್ತುವವನು ಮುಂಗಾಲು. ಭಾವನ ಬೂಟಿನಲ್ಲಿ ಬಲಗಾಲಿನ ಹೆಬ್ಬೆರಳ ತುದಿ ಮಾತ್ರ ಸವೆದಿತ್ತು, ತಿರುಗುವ ಕುರ್ಚಿಯನ್ನು ತಿರುಗಿಸಲು ನೆಲ ಒದ್ದ ಜಾಗ. ನಾನು ತಲೆ ಎತ್ತಿ ನೋಡಿದೆ. ಅವರು ಇಂಗು ತಿಂದ ಮಂಗನ ಹಾಗೆ ಕೂತಿದ್ದರು.

"ಭಾವ, ನೀವು ಜಲಪಾತಕ್ಕೆ ಕೊನೇ ಸಲ ಹೋಗಿದ್ದು ಯಾವಾಗ?"

"ಕೊನೇದೂ ಇಲ್ಲ, ಮೊದಲನೇದೂ ಇಲ್ಲ ಕಣಯ್ಯ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಶೂ ಡಬ್ಬಿಗಳ ಸಾಲು ಅಲುಗಾಡುವ ಹಾಗೆ ನಕ್ಕೆ. ನಗು ಮುಗಿಯುವವರೆಗೆ ಕಾದು ಅವರು ಹೇಳಿದರು. ಜನ ಜಲಪಾತಕ್ಕೆ ಹೋಗುವುದು ರಜಾದಿನ, ರಜಾದಿನ ಕಿಂಡಿ ಬಿಡುವಂತಿಲ್ಲ. ಇವರಿಗೆ ರಜೆ ಮಂಗಳವಾರ, ಕಾಡಿನ ಗೇಟಿಗೂ ರಜೆ ಮಂಗಳವಾರ. ಒಂದು ದಿನ ರಜೆ ಹಾಕಿ ಹೋದರಾಯಿತು ಎಂದುಕೊಂಡಿದ್ದಾಗಲೇ ಯಾರೋ ಒಬ್ಬ, "ನೀವು ನೋಡಿದ್ದೀರಾ ಸಾರ್?" ಎಂದು ಕೇಳಿಬಿಟ್ಟ. ಸಾಲಿನಲ್ಲಿ ಹನ್ನೆರಡು ಜನ ನಿಂತಿದ್ದರು. "ಹೂಂ, ನೋಡದೆ ಏನು?" ಎಂದರಂತೆ. ಅಲ್ಲಿಗೆ ಮುಗಿಯಿತು. ಆಮೇಲೆ ಹೋದರೆ ದಾರಿಯಲ್ಲಿ ಯಾರನ್ನಾದರೂ ದಾರಿ ಕೇಳಬೇಕಾಗುತ್ತದೆ, ಅದೂ ತಮ್ಮದೇ ನಕ್ಷೆ ಕೈಯಲ್ಲಿ ಹಿಡಿದುಕೊಂಡು. ಹಾಗಾಗಿ ಹೋಗಿ ಬಂದವರನ್ನೇ ಕೂರಿಸಿಕೊಂಡು ಕೇಳುತ್ತಾ ಹೋದರು. ಕಲ್ಲು ಯಾವ ಬಣ್ಣ, ಗಾಳಿ ಎಲ್ಲಿ ತಣ್ಣಗಾಯಿತು, ಎಲ್ಲಿ ಜಾರಿದಿರಿ. ಹಾಗೆ ಕೂಡಿಟ್ಟದ್ದನ್ನು ಮುಂದಿನವರಿಗೆ ಹಂಚಿದರು.

ನನಗೆ ನಗು ನಿಂತಮೇಲೆ ಹೊಳೆದದ್ದು ಅಕ್ಕ. ನಡೆಯದೇ ಇದ್ದ ತಪ್ಪಿಗೆ ಆಕೆ ಹದಿನೇಳು ವರ್ಷ ಸಿಟ್ಟು ಹೊತ್ತಿದ್ದಾಳೆ. "ಅಕ್ಕನಿಗೆ ಹೇಳಿಬಿಡಿ ಭಾವ. ಅವಳಿಗೆ ಸಮಾಧಾನ ಆಗುತ್ತೆ."

"ಹುಚ್ಚಾ ನಿನಗೆ? ಈಗ ಅವಳಿಗಿರೋದು ಕಾಡುಮೇಡು ತಿರುಗಿದ ಗಂಡನ ಮೇಲಿನ ಸಿಟ್ಟು. ಅದರಲ್ಲೂ ಒಂಚೂರು ಮರ್ಯಾದೆ ಇದೆ. ಹೇಳಿದ್ರೆ ಏನುಳಿಯುತ್ತೆ? ಗಾಜಿನ ಹಿಂದೆ ಕೂತು ಬೊಗಳೆ ಬಿಟ್ಟವನು, ಅಷ್ಟೇ." ನನಗೆ ಪಾಪ ಅನ್ನಿಸಿತು, ಜೊತೆಗೆ ನನ್ನ ಹೊಟ್ಟೆಯ ಗುಟ್ಟು ಒಂದಿದ್ದದ್ದು ಎರಡಾಯಿತಲ್ಲ ಎಂದು ಸಿಟ್ಟೂ ಬಂತು.

ಉಪಾಯ ಭಾವನದೇ. ಭಾನುವಾರಕ್ಕೆ ಮೊದಲು ಗುರುವಾರ ರಜೆ ಹಾಕಿ ನಾವಿಬ್ಬರೇ ಗುಟ್ಟಾಗಿ ಹೋಗಿ ಬರುವುದು. ಒಂದು ಸಲ ನೋಡಿದ ಮೇಲೆ ಇಪ್ಪತ್ತೇಳು ವರ್ಷದ ಸುಳ್ಳು ನಿಜವಾಗುತ್ತದೆ, ತಡವಾಗಿ ಆದದ್ದು ಯಾರಿಗೂ ತಿಳಿಯುವುದಿಲ್ಲ. ಅಕ್ಕನಿಗೆ, ಪಕ್ಕದ ಊರಿನ ಹಲ್ಲಿನ ಡಾಕ್ಟರ್ ಹತ್ತಿರ ಹೋಗುತ್ತೇವೆ ಎಂದು ಹೇಳುವುದೆಂದಾಯಿತು. ಸುಳ್ಳಿಗೂ ಭಾವ ವೇಳಾಪಟ್ಟಿ ಹಾಕಿಕೊಂಡು ಬಂದಿದ್ದರು. ಏಳೂಕಾಲಿಗೆ ಹೊರಡುವುದು, ನಾಲ್ಕೂವರೆಗೆ ವಾಪಸ್.

"ಒಂಬತ್ತು ಗಂಟೆ ಹೊತ್ತು ಎಷ್ಟು ಹಲ್ಲು ಕೀಳ್ತಾರಂತೆ?" ಎಂದು ಕೇಳಿದಳು ಅಕ್ಕ.

"ಕೀಳಲ್ಲ, ನೋಡೋದಷ್ಟೇ."

"ಹಲ್ಲು ನೋಡಿಸೋಕೆ ಟೋಪಿ ಯಾಕೆ?"

ಭಾವ ಟೋಪಿ ತೆಗೆದು ನನ್ನ ತಲೆಗೆ ಹಾಕಿ ಹೊರಟೇಬಿಟ್ಟರು.

ಕಾಡಿನ ಗೇಟಿನಲ್ಲಿ ಇಳಿದಾಗ ನಮಗೆ ಮೊದಲು ಕಂಡದ್ದು ಭಾವನ ನಕ್ಷೆ. ಆಳೆತ್ತರದ ತಗಡಿನ ಮೇಲೆ ಬಣ್ಣದಲ್ಲಿ ಬರೆಸಿ ನಿಲ್ಲಿಸಿದ್ದರು, ಅದೇ ಉರುಟು ಅಕ್ಷರ, ಅದೇ ಎಚ್ಚರಿಕೆಗಳು. ಭಾವ ಅದರ ಮುಂದೆ ಸ್ವಲ್ಪ ಹೊತ್ತು ನಿಂತರು. ಗೇಟಿನ ಕಾವಲುಗಾರ, ನರೆತ ಮೀಸೆಯ ಮನುಷ್ಯ, ಓಡಿ ಬಂದು ಕೈ ಕುಲುಕಿದ. ಅವನು ಕಿಂಡಿಯ ಹತ್ತಿರ ಭಾವನನ್ನು ಎಷ್ಟೋ ಸಲ ಕಂಡಿದ್ದನಂತೆ.

"ಸಾರ್, ಬಹಳ ವರ್ಷದಿಂದ ನಿಮ್ಮನ್ನ ಒಂದು ಕೇಳ್ಬೇಕು ಅಂತಿದ್ದೆ. ಪೊಟರೆ ಮರದ ಹತ್ರ ಜನರನ್ನ ಬಲಕ್ಕೆ ಯಾಕೆ ಕಳಿಸ್ತೀರಿ? ಎಡಕ್ಕೆ ಹೋಗಿದ್ರೆ ಅಲ್ಲಿಂದ ಹತ್ತೇ ನಿಮಿಷ. ಬಲಕ್ಕೆ ಹೋದ್ರೆ ಇಡೀ ಗುಡ್ಡ ಸುತ್ತಬೇಕು, ಒಂದು ಗಂಟೆ. ನಾನು ಸಾಹೇಬರಿಗೆ ಹೇಳ್ದೆ. ಅವರು, ಅಷ್ಟು ತಿಳಿದವರು ಹೇಳ್ತಾರೆ ಅಂದ್ರೆ ಏನೋ ಕಾರಣ ಇರುತ್ತೆ ಅಂತ ಗುಡ್ಡದ ಸುತ್ತ ಮೆಟ್ಟಿಲು ಕಟ್ಟಿಸಿದ್ರು, ಕಂಬಿ ಹಾಕಿಸಿದ್ರು. ಎಡಗಡೆ ದಾರಿ ಈಗ ಮುಳ್ಳು ಬೆಳೆದು ಮುಚ್ಚಿಹೋಗಿದೆ."

ಭಾವ ನನ್ನ ತಲೆಯಿಂದ ಟೋಪಿ ತೆಗೆದು ತಾವು ಹಾಕಿಕೊಂಡರು. "ನೋಟ ಚೆನ್ನಾಗಿದೆ ಅಂತ" ಎಂದರು.

"ಅದೇ ಅಂದ್ಕೊಂಡೆ" ಎಂದು ಕಾವಲುಗಾರ ಸಮಾಧಾನದಿಂದ ಗೇಟು ತೆಗೆದ.

ಭಾವ ಮುಂದೆ, ನಾನು ಹಿಂದೆ ನಡೆದೆವು. ನೆರಳು ಅವರು ಹೇಳಿದಲ್ಲೇ ಮುಗಿಯಿತು, ಹುಲ್ಲು ಅವರು ಹೇಳಿದಲ್ಲೇ ಶುರುವಾಯಿತು. ಮರ ಬಂತು. ಭಾವ ಅದರ ಬುಡದಲ್ಲಿ ನಿಂತು ಮುಂದೆ ನೋಡಿದರು, ತಿರುಗಿ ಹಿಂದೆ ನೋಡಿದರು, ಬಲಗೈ ಎತ್ತಿದರು, ಆಮೇಲೆ ಎಡಗೈ. ದಾರಿಹೋಕರಿಬ್ಬರು ವ್ಯಾಯಾಮವೇನೋ ಎಂದುಕೊಂಡು ನಕ್ಕು ಮುಂದೆ ಹೋದರು.

"ಬಂದವರನ್ನ ಕೇಳ್ದೆ ಕಣಯ್ಯ ನಾನು" ಎಂದರು ಕೊನೆಗೆ. "ಹೋಗೋರಿಗೆ ಏನು ಗೊತ್ತಿರುತ್ತೆ? ವಾಪಸ್ ಬಂದವರನ್ನ ಕೇಳ್ದೆ. ಮರದ ಹತ್ರ ಬಲಕ್ಕೆ ತಿರುಗಿದ್ವಿ ಅಂದ್ರು. ವಾಪಸ್ ಬರ್ತಾ ಬಲಕ್ಕೆ ತಿರುಗಿದ್ರು! ಹೋಗುವಾಗ ಅದು ಎಡ."

ಇಪ್ಪತ್ತೇಳು ವರ್ಷ, ರಜೆಯಲ್ಲಿ ದಿನಕ್ಕೆ ನೂರು ಜನ. ಮುದುಕರು, ಮಕ್ಕಳು, ಹೊಸದಾಗಿ ಮದುವೆಯಾದವರು, ಎಲ್ಲರೂ ನನ್ನ ಭಾವನ ಮಾತು ಕೇಳಿ ಒಂದು ಗುಡ್ಡ ಸುತ್ತಿದ್ದಾರೆ. ಸುತ್ತು ದಾರಿಯೆಂದು ಯಾರೂ ಬೈದಿರಲಿಲ್ಲ, ಬೈಯಲು ಇನ್ನೊಂದು ದಾರಿ ಇದೆಯೆಂದು ಗೊತ್ತಿರಬೇಕಲ್ಲ. ನಾವೂ ಸುತ್ತಿದೆವು. ಮೆಟ್ಟಿಲು ಚೆನ್ನಾಗಿಯೇ ಕಟ್ಟಿದ್ದರು.

ಗುಡ್ಡದ ಆಚೆ ಇಳಿಯುತ್ತಿದ್ದಂತೆ ಸದ್ದು ಕೇಳಿಸಿತು. ಮೊದಲು ಗಾಳಿಯೆಂದುಕೊಂಡೆ. ಆಮೇಲೆ ಅದು ನಿಲ್ಲಲೇ ಇಲ್ಲ. ಕಲ್ಲು ಹಸಿರಾಯಿತು, ಕಂದಾಯಿತು, ಒಂದು ತಿರುವಿನಲ್ಲಿ ಮುಖಕ್ಕೆ ತಣ್ಣನೆ ಗಾಳಿ ಬಡಿಯಿತು. ತಲೆಯಿಂದ ನೀರು ತೊಟ್ಟಿಕ್ಕುತ್ತಿದ್ದ ಒಬ್ಬ ಹುಡುಗಿ ಎದುರಿನಿಂದ ಹತ್ತಿ ಬರುತ್ತಾ, "ಇನ್ನು ಇನ್ನೂರು ಹೆಜ್ಜೆ ಅಷ್ಟೇ ಅಂಕಲ್!" ಎಂದಳು. ಭಾವ ಅಲ್ಲೇ ಒಂದು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಸುಸ್ತಾಯ್ತಾ?"

"ಇಲ್ಲ. ನಾನು ಬರಲ್ಲ."

"ಏನ್ ಭಾವ ಹೀಗಂದ್ರೆ?"

ಅವರು ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಅದರ ಅಂಚು ಸವರುತ್ತಾ ಹೇಳಿದರು. "ನಿನ್ನ ಅಕ್ಕ ನನ್ನ ಮೇಲೆ ಒಂದು ಅಪವಾದ ಹೊರಿಸಿದ್ದಾಳೆ, ತನ್ನನ್ನ ಬಿಟ್ಟು ನೋಡ್ಕೊಂಡು ಬಂದೆ ಅಂತ. ಇಲ್ಲಿವರೆಗೂ ಅದು ಸುಳ್ಳು. ನಾನು ಸುಳ್ಳುಗಾರ ಇರ್ಬಹುದು, ಆದ್ರೆ ಅವಳನ್ನ ಬಿಟ್ಟು ನೋಡಿಲ್ಲ. ಈಗ ಇನ್ನೂರು ಹೆಜ್ಜೆ ಇಟ್ರೆ ಅದು ನಿಜ ಆಗ್ಬಿಡುತ್ತೆ. ಬೇಡ. ಮನೆಗೆ ಹೋಗಿ ಹೇಳ್ಬಿಡ್ತೀನಿ. ಏನಾಗುತ್ತೋ ಆಗ್ಲಿ."

ನನ್ನ ಪಾಡು ನೀವೇ ಯೋಚಿಸಿ. ಅಕ್ಕ ಅದೇ ಜಲಪಾತ ನೋಡಿ ಬಂದು ಹದಿನೇಳು ವರ್ಷವಾಗಿದೆ, ಅದು ಗೊತ್ತಿರುವವನು ನಾನೊಬ್ಬನೇ. ಯಾರ ಸಲುವಾಗಿ ಈ ಮನುಷ್ಯ ಇನ್ನೂರು ಹೆಜ್ಜೆ ಬಿಡುತ್ತಿದ್ದಾರೋ ಆಕೆ ಅದನ್ನು ಎಂದೋ ಇಟ್ಟು ಮುಗಿಸಿದ್ದಾಳೆ. ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ಅಕ್ಕ ಮತ್ತೆ ನನ್ನ ಮುಖ ನೋಡುವುದಿಲ್ಲ, ಅದು ಹಾಳಾಗಲಿ, ಅವರ ಮುಖದಲ್ಲಿ ಆಗ ಇದ್ದ ನೆಮ್ಮದಿಯೂ ಹೋಗುತ್ತದೆ. ಅಂಥ ನೆಮ್ಮದಿಯ ಮುಖ ನಾನು ಅವರಲ್ಲಿ ಕಂಡಿರಲಿಲ್ಲ. ಬಾಯಿ ಮುಚ್ಚಿಕೊಂಡೆ.

"ನೀನು ಬೇಕಾದ್ರೆ ಹೋಗಿ ನೋಡ್ಕೊಂಡು ಬಾ" ಎಂದರು. ನಾನು ಹೋಗಲಿಲ್ಲ. ಅದಕ್ಕೆ ಕಾರಣ ನನ್ನ ಒಳ್ಳೆಯತನವೆಂದು ಯಾರೂ ತಿಳಿಯಬೇಕಾಗಿಲ್ಲ. ನನ್ನದೇ ಅಂಗಡಿಯ ಹೊಸ ಶೂ ನನ್ನ ಎರಡೂ ಹಿಮ್ಮಡಿ ಕಚ್ಚಿ ಬೊಬ್ಬೆ ಎಬ್ಬಿಸಿತ್ತು. ಗಿರಾಕಿಗಳಿಗೆ ಮೆತ್ತಗಿದೆ ಎಂದು ಆಣೆ ಇಟ್ಟು ಮಾರುತ್ತಿದ್ದ ಮಾಲು ಅದು.

ನಾಲ್ಕೂವರೆಗೆ ಸರಿಯಾಗಿ ಮನೆ ತಲುಪಿದೆವು. ಅಕ್ಕ ಯಾರದೋ ಕೋಟಿನ ತೋಳು ಚಿಕ್ಕದು ಮಾಡುತ್ತಿದ್ದಳು. ಬಾಯಲ್ಲಿ ಸೂಜಿ ಇದ್ದುದರಿಂದ ಮಾತಾಡದೆ ನಮ್ಮ ಕಾಲ ಕಡೆ ನೋಡಿದಳು. ಹಲ್ಲಿನ ಡಾಕ್ಟರ ಆಸ್ಪತ್ರೆಯಲ್ಲಿ ಅಷ್ಟು ಕೆಂಪು ಮಣ್ಣು ಇರುವುದಿಲ್ಲವೆಂದು ಎಂಥವರಿಗೂ ಗೊತ್ತಾಗುತ್ತದೆ.

ಭಾವ ಕೂರಲಿಲ್ಲ. ಬಾಗಿಲ ಹತ್ತಿರವೇ ನಿಂತು, ಕಿಂಡಿಯಲ್ಲಿ ದಾರಿ ಹೇಳುವ ಹಾಗೆ ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಹೇಳಿದರು. ಮಂಗಳವಾರದ ರಜೆ, ಸಾಲಿನಲ್ಲಿ ಕೇಳಿದವನು, "ಹೂಂ" ಎಂದದ್ದು, ಅವತ್ತು ಅವಳು ಕೇಳಿದಾಗ ಗುಟ್ಟು ಬಯಲಾಗುತ್ತದೆಂಬ ಹೆದರಿಕೆಗೆ ಆ ದಾರಿ ನಿನಗಾಗಲ್ಲ ಎಂದದ್ದು, ಪೊಟರೆ ಮರ, ಇನ್ನೂರು ಹೆಜ್ಜೆ. ಅಕ್ಕ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಕೋಟಿನ ತೋಳಿಗೆ ಚುಚ್ಚಿದಳು.

"ಒಂದು ಸಲವೂ ನೋಡಿಲ್ವಾ?"

"ಇಲ್ಲ."

"ಇವತ್ತೂ?"

"ಇವತ್ತೂ ಇಲ್ಲ. ಸದ್ದು ಕೇಳಿಸ್ತು. ನೀನಿಲ್ದೆ ನೋಡ್ಬಾರ್ದು ಅನ್ನಿಸ್ತು."

ಅಕ್ಕ ನನ್ನ ಕಡೆ ತಿರುಗಿದಳು. ನಾನು ಕಣ್ಣಲ್ಲೇ ಬೇಡಿಕೊಂಡೆ, ಸುಮ್ಮನಿರು ಮಾರಾಯ್ತಿ, ಒಂದು ದಿನವಾದರೂ ಈ ಮನುಷ್ಯ ದೊಡ್ಡವನಾಗಿರಲಿ. ಆದರೆ ನನ್ನ ಅಕ್ಕ ಅನ್ಯಾಯದ ಹೊಗಳಿಕೆ ಇಟ್ಟುಕೊಳ್ಳುವವಳಲ್ಲ.

"ನಾನು ನೋಡಿದೀನಿ ರೀ" ಎಂದಳು.

ಯಾವಾಗ ಎಂದರು ಭಾವ, ಅವಳು ಹೇಳಿದಳು. ಭಾವನ ಮುಖ ಕೆಂಪಾಯಿತು. "ಹದಿನೇಳು ವರ್ಷ! ಕಟ್ಕೊಂಡ ಗಂಡನ ಹತ್ರ ಹದಿನೇಳು ವರ್ಷ ಮುಚ್ಚಿಟ್ಯಾ?" ಎಂದು ಕೂಗಿದರು, ಇಪ್ಪತ್ತೇಳು ವರ್ಷ ಮುಚ್ಚಿಟ್ಟಿದ್ದ ಪುಣ್ಯಾತ್ಮ. ಆಮೇಲೆ ನನ್ನ ಕಡೆ ಬೆರಳು ತೋರಿಸಿದರು. "ಇವನಿಗೆ ಗೊತ್ತಿತ್ತಾ?" ಇಬ್ಬರೂ ಸೇರಿ ನನ್ನನ್ನು ದುರುಗುಟ್ಟಿ ನೋಡಿದರು. ಗಂಡ ಹೆಂಡತಿ ಅಷ್ಟು ಒಗ್ಗಟ್ಟಾಗಿದ್ದು ನಾನು ಕಂಡದ್ದು ಅದೇ ಮೊದಲು.

"ಮರದ ಹತ್ರ ಯಾವ ಕಡೆ ಹೋದೆ?" ಎಂದರು ಭಾವ. ಎಷ್ಟಾದರೂ ವೃತ್ತಿ.

"ನೀವು ಬಲಕ್ಕೆ ಅಂತ ಬರೆದಿದ್ರಿ, ಬಲಕ್ಕೇ ಹೋದೆ. ವಾಪಸ್ ಬರುವಾಗ ಸೌದೆ ಹೊತ್ತ ಹೆಂಗಸರು ಇನ್ನೊಂದು ದಾರೀಲಿ ಕರ್ಕೊಂಡು ಬಂದ್ರು. ಹತ್ತು ನಿಮಿಷಕ್ಕೆ ಮರದ ಹತ್ರ ಇದ್ದೆ. ನಿಮ್ಮ ನಕ್ಷೆ ತಪ್ಪು ಅಂತ ಅವತ್ತೇ ಗೊತ್ತಾಯ್ತು."

"ಗೊತ್ತಾಗಿ ಹೇಳಲಿಲ್ವಲ್ಲೇ! ಅಷ್ಟೂ ಜನರನ್ನ ಗುಡ್ಡ ಸುತ್ತಿಸಿದ್ನಲ್ಲೇ ನಾನು!"

"ಹೇಳಿದ್ರೆ ನಾನು ಹೋಗಿದ್ದು ಗೊತ್ತಾಗ್ತಿತ್ತಲ್ಲ?"

ಭಾವ ಕುರ್ಚಿ ಎಳೆದುಕೊಂಡು ಯಂತ್ರದ ಈಚೆ ಕೂತರು. ಸಿಟ್ಟು ಇಳಿದಿತ್ತು. "ಒಬ್ಬಳಿಗೇ ಹೆದರಿಕೆ ಆಗ್ಲಿಲ್ವಾ?" ಎಂದು ಮೆಲ್ಲಗೆ ಕೇಳಿದರು.

"ಇಲ್ಲ. ಕೈಯಲ್ಲಿ ನಿಮ್ಮ ನಕ್ಷೆ ಇತ್ತಲ್ಲ. ಟೋಪಿ ಹಾಕ್ಕೊಳ್ಳಿ, ಇಲ್ಲಿ ನೀರು ಕುಡೀರಿ, ಈ ಕಲ್ಲು ಜಾರುತ್ತೆ ಅಂತ ದಾರಿ ಉದ್ದಕ್ಕೂ ನಿಮ್ಮ ಅಕ್ಷರ. ನೀವೇ ಪಕ್ಕದಲ್ಲಿ ಮಾತಾಡ್ತಾ ಬರ್ತಿದ್ದೀರೇನೋ ಅನ್ನೋ ಹಾಗಿತ್ತು. ಅದಕ್ಕೇ ಇನ್ನೂ ಜಾಸ್ತಿ ಸಿಟ್ಟು ಬಂತು."

"ಹೇಗಿತ್ತು?" ಎಂದರು ಭಾವ. ಹೋಗಿ ಬಂದವರೆಲ್ಲರನ್ನೂ ಕೇಳಿದ್ದ ಪ್ರಶ್ನೆಯೇ ಅದು. ಈ ಸಲ ಕೈಯಲ್ಲಿ ಪೆನ್ನು ಇರಲಿಲ್ಲ.

ಅಕ್ಕ ಹೇಳಲು ಶುರು ಮಾಡಿದಳು. ನೀರು ಮೊದಲು ಕಾಣುವುದೇ ಇಲ್ಲ, ಹೊಗೆಯ ಹಾಗೆ ಏನೋ ಏಳುತ್ತದೆ ಎಂದಳು. ಕೆಳಗಿನ ಬಂಡೆಯ ಮೇಲೆ ಒಂದು ಹಳದಿ ಹಕ್ಕಿ ಒದ್ದೆಯಾಗಿ ಕೂತಿತ್ತು, ಎಷ್ಟು ಹೊತ್ತಾದರೂ ಹಾರಲಿಲ್ಲ ಎಂದಳು. ಯಾರ ಹತ್ತಿರವೂ ಹೇಳಲಾಗದೆ ಇಟ್ಟುಕೊಂಡಿದ್ದ ಮಾತುಗಳು ಒಂದರ ಹಿಂದೆ ಒಂದು ಬಂದವು. ಭಾವ ಮಂಡಿಯ ಮೇಲೆ ಕೈಯಿಟ್ಟುಕೊಂಡು ಬಾಯಿ ಬಿಟ್ಟು ಕೇಳುತ್ತಿದ್ದರು. ಹೇಳುತ್ತಾ ಹೇಳುತ್ತಾ ಅಕ್ಕ ಕೋಟಿನ ತೋಳಿನಲ್ಲೇ ಕಣ್ಣೊರೆಸಿಕೊಳ್ಳಲು ಹೋಗಿ, ಸೂಜಿ ನೆನಪಾಗಿ, ಸೆರಗು ಹಿಡಿದಳು.

"ಸುಳ್ಳು ರೀ. ಸರಿಯಾಗಿ ನೋಡ್ಲೇ ಇಲ್ಲ ನಾನು. ಎಲ್ಲರೂ ಜೋಡಿ ಜೋಡಿಯಾಗಿ ಬಂದಿದ್ರು. ನೋಡಿ ಅಂತ ತೋರಿಸೋಕೆ ಪಕ್ಕದಲ್ಲಿ ಯಾರೂ ಇರ್ಲಿಲ್ಲ. ಐದು ನಿಮಿಷಕ್ಕೇ ಎದ್ದು ಬಂದ್ಬಿಟ್ಟೆ."

ನಾನು ಬೊಬ್ಬೆ ಕಾಲನ್ನು ನೋಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದೆ. ಭಾವ ಗಂಟಲು ಸರಿಮಾಡಿಕೊಂಡರು.

"ಭಾನುವಾರ ಬರ್ತೀಯಾ?"

ಅಕ್ಕ ಮೂಗು ಒರೆಸಿಕೊಂಡು ಅವರನ್ನೇ ನೋಡಿದಳು. "ದಾರಿ ಗೊತ್ತಾ ನಿಮಗೆ?"

"ಇಲ್ಲ ಕಣೇ" ಎಂದರು ಭಾವ. "ನೀನೇ ಕರ್ಕೊಂಡು ಹೋಗು."